ಗುಂಡಿ ಒತ್ತುವ ಕೈ

“ಗುರುಗಳೇ, ನನ್ನ ತಮ್ಮನ ಹೆಂಡತಿ ತೀರಿಕೊಂಡು ತಿಂಗಳಾಯಿತು. ದಿನಕ್ಕೆರಡು ಸಲ ಹೋಗಿ ಅವನಿಗೆ ಸಮಾಧಾನ ಹೇಳುತ್ತಿದ್ದೆ. ನಿನ್ನೆ ನನ್ನನ್ನು ಕಂಡು ಬಾಗಿಲು ಹಾಕಿಕೊಂಡ. ನಾನು ಮಾಡಿದ ತಪ್ಪೇನು?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು.

ಒಬ್ಬ ನೇಕಾರನಿಗೆ ಹೊಟ್ಟೆಯ ಆಪರೇಷನ್ ಆಯಿತು. ವೈದ್ಯರು ಹಾಸಿಗೆಯ ಪಕ್ಕದಲ್ಲಿ ಒಂದು ಪಂಪು ಇಟ್ಟು, ಅದರ ಗುಂಡಿಯನ್ನು ಅವನ ಕೈಗೆ ಕೊಟ್ಟರು. ಒತ್ತಿದರೆ ನೋವಿನ ಔಷಧ ಸ್ವಲ್ಪ ರಕ್ತಕ್ಕೆ ಇಳಿಯುತ್ತದೆ. ಮತ್ತೆ ಇಳಿಯಬೇಕಾದರೆ ಹತ್ತು ನಿಮಿಷ ಆಗಬೇಕು. “ನೋವಾದಾಗ ಒತ್ತಿ. ನೀವೊಬ್ಬರೇ ಒತ್ತಬೇಕು” ಎಂದು ಹೇಳಿ ಹೋದರು.

ನೇಕಾರನ ಹೆಂಡತಿ ಬಡಿಸುವುದರಲ್ಲಿ ಹೆಸರಾದವಳು. ಅವಳು ಬಡಿಸಿದ ಪಂಕ್ತಿಯಲ್ಲಿ ಯಾರೂ ಬಾಯಿಬಿಟ್ಟು ಅನ್ನ ಕೇಳಿದ್ದಿಲ್ಲ. ಗಂಡ ಮುಖ ಕಿವುಚುವ ತನಕ ಕಾಯುವುದು ಅವಳಿಗೆ ಸರಿಬೀಳಲಿಲ್ಲ. ಅವನಿಗೆ ನಿದ್ದೆ ಹತ್ತಿದಾಗ ಗುಂಡಿಯನ್ನು ತೆಗೆದುಕೊಂಡಳು. ಗಡಿಯಾರ ನೋಡಿ ನೋಡಿ ಒತ್ತುತ್ತಾ ಕೂತಳು.

ಮಧ್ಯಾಹ್ನ ನರ್ಸ್ ಬಂದು ಉಸಿರು ಎಣಿಸಿದಳು. ನಿಮಿಷಕ್ಕೆ ಐದು. ಕೂಗಿದರೂ ಅವನು ಏಳಲಿಲ್ಲ. ಪಂಪು ನಿಲ್ಲಿಸಿದಳು. ಆಕ್ಸಿಜನ್ ಹಾಕಿದಳು. ವೈದ್ಯರು ಓಡಿ ಬಂದು ಔಷಧದ ಅಮಲು ಇಳಿಸುವ ಇಂಜೆಕ್ಷನ್ ಕೊಟ್ಟರು. ಅವನು ಕಣ್ಣು ಬಿಟ್ಟ.

“ಒತ್ತಿದ್ದು ಯಾರಮ್ಮ?” ಎಂದು ನರ್ಸ್ ಕೇಳಿದಳು.

“ನಾನೇ ಸಿಸ್ಟರ್. ಕೇಳಿಸಿಕೊಂಡು ಬಡಿಸುವ ಅಭ್ಯಾಸ ನನಗಿಲ್ಲ.”

“ಊಟಕ್ಕೆ ಕೂತವರು ಸಾಕಾದರೆ ಏನು ಮಾಡುತ್ತಾರೆ?”

“ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ.”

“ನಿದ್ದೆಯಲ್ಲಿದ್ದವರು?”

ಹೆಂಡತಿ ತನ್ನ ಕೈಯನ್ನೇ ನೋಡಿಕೊಂಡಳು.

“ನೋವು ತಗ್ಗಿದರೆ ನಿದ್ದೆ ಬರುತ್ತದೆ. ನಿದ್ದೆ ಬಂದರೆ ಒತ್ತುವ ಕೈ ತಾನೇ ನಿಲ್ಲುತ್ತದೆ. ಈ ಪಂಪಿನ ಅಳತೆಯೆಲ್ಲ ಆ ಕೈಯಲ್ಲಿದೆ, ಅಮ್ಮ. ಅದನ್ನೇ ನೀವು ಕಿತ್ತುಕೊಂಡಿರಿ” ಎಂದಳು ನರ್ಸ್.

ಮರುದಿನ ಪಂಪನ್ನು ಮತ್ತೆ ಜೋಡಿಸಿದರು. ಗುಂಡಿ ನೇಕಾರನ ಕೈಯಲ್ಲಿತ್ತು. ನೋವು ಬಂತು. ಒಮ್ಮೆ ಒತ್ತಿದ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಒತ್ತಿದ. ಆಮೇಲೆ ಕಣ್ಣು ಮುಚ್ಚಿದ. ಬೆರಳು ಸಡಿಲವಾಗಿ ಗುಂಡಿ ಹಾಸಿಗೆಯ ಮೇಲೆ ಜಾರಿತು. ಹೆಂಡತಿ ಅದನ್ನು ಮುಟ್ಟಲಿಲ್ಲ. ಅಲ್ಲೇ ಕೂತು ಅವನ ಉಸಿರು ಎಣಿಸಿದಳು. ಹದಿನಾಲ್ಕು ಇತ್ತು. ಆರನೆಯ ದಿನ ಅವನು ನಡೆದುಕೊಂಡು ಮನೆಗೆ ಹೋದ.

ಕತೆ ಮುಗಿಯಿತು. ಶಿಷ್ಯ, “ಆದರೆ ನನ್ನ ತಮ್ಮ ನಿದ್ದೆಯಲ್ಲಿರಲಿಲ್ಲವಲ್ಲ, ಗುರುಗಳೇ” ಎಂದ.

ಗುರು ಹೇಳಿದರು: “ಅದಕ್ಕೇ ಅವನಿಗೆ ಅಡ್ಡ ಹಿಡಿಯಲು ಒಂದು ಬಾಗಿಲಾದರೂ ಸಿಕ್ಕಿತು.”