ಅಚ್ಚಿಗೂ ಚಕ್ರಕ್ಕೂ ನಡುವೆ

"ಗುರುಗಳೇ, ನಿಮ್ಮ ಮೇಲೆ ನನಗೆ ಭಕ್ತಿ ಕಡಿಮೆಯೇನಿಲ್ಲ. ನೀವು ಆಡಿದ್ದೆಲ್ಲ ನನಗೆ ವೇದವಾಕ್ಯ. ಆದರೂ ನೀವು ಕಲಿಸಿದ್ದು ನನ್ನಲ್ಲಿ ನಿಲ್ಲುವುದಿಲ್ಲ. ಇಲ್ಲಿ ಕೂತಿರುವಷ್ಟು ಹೊತ್ತು ಎಲ್ಲ ಸರಿ. ಹೊರಗೆ ಹೋಗಿ ನಾಲ್ಕು ಜನರ ನಡುವೆ ಬಿದ್ದೆನೋ, ಸಡಿಲವಾಗಿಬಿಡುತ್ತದೆ. ಯಾಕೆ ಹೀಗೆ?"

ಕೇಳಿದವನು ಶಿಷ್ಯ. ಗುರುಗಳು ನಕ್ಕರು. ಪೂರ್ವಾಶ್ರಮದಲ್ಲಿ ಅವರು ಕಾಲೇಜಿನಲ್ಲಿ ಯಂತ್ರಶಾಸ್ತ್ರ ಪಾಠ ಮಾಡಿದವರು. ಹಾಗಾಗಿ ಅವರ ದೃಷ್ಟಾಂತಗಳಲ್ಲಿ ಹಂಸ, ಕಮಲಗಳಿಗಿಂತ ನಟ್ಟು ಬೋಲ್ಟುಗಳೇ ಹೆಚ್ಚು ಎಂದು ಶಿಷ್ಯರು ತಮ್ಮತಮ್ಮಲ್ಲಿ ಆಡಿಕೊಳ್ಳುವುದುಂಟು.

"ಉತ್ತರ ಆಮೇಲೆ. ಮೊದಲು ನೀನೊಂದು ಊಹೆ ಹೇಳು," ಎಂದರು ಗುರುಗಳು. "ಒಬ್ಬ ಕಾರು ಓಟಗಾರ. ವೇಗದ ಕಾರು. ಹೊಸ ಚಕ್ರ, ಹೊಸ ಟೈರು. ಚಕ್ರದಲ್ಲಿ ಐಬಿಲ್ಲ. ಟೈರಿನಲ್ಲಿ ಐಬಿಲ್ಲ. ನಟ್ಟು ಅಳತೆಗೆ ತಕ್ಕದ್ದು. ಬಿಗಿದವನು ಬಲ್ಲವನು, ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿದ. ಆದರೂ ಗುಡ್ಡ ಹತ್ತುವಾಗ ಚಕ್ರ ಕಳಚಿತು. ಏನಾಗಿರಬೇಕು?"

ಶಿಷ್ಯ ಯೋಚಿಸಿದ. "ಯಾರೋ ಆಗದವರು ನಟ್ಟು ಸಡಿಲಿಸಿರಬೇಕು."

"ಆಗದವರ ತಲೆಗೆ ಕಟ್ಟುವುದು ಸುಲಭ. ಅಲ್ಲ."

"ಹಾಗಾದರೆ ರಸ್ತೆ ಕೆಟ್ಟಿರಬೇಕು."

"ರಸ್ತೆ ಮೊದಲು ಹೇಗಿತ್ತೋ ಹಾಗೇ ಇತ್ತು. ಸೋತೆಯಲ್ಲ, ಕೇಳು. ಆ ಓಟಗಾರನ ಬಾಯಿಂದಲೇ ನಾನು ಕೇಳಿದ್ದು." ಗುರುಗಳು ಕಾಲು ಮಡಚಿ ಕೂತು ಕತೆ ಹೇಳಿದರು.

ಓಟಗಾರನದು ಬಯಲುಸೀಮೆಯ ಒಂದು ಊರು. ಊರ ಪಕ್ಕ ಒಂದು ಬೋಳು ಗುಡ್ಡ. ಅದಕ್ಕೆ ಸುತ್ತು ಹಾಕಿಕೊಂಡು ಹತ್ತುವ ರಸ್ತೆ. ವರ್ಷಕ್ಕೊಮ್ಮೆ ಆ ರಸ್ತೆಯಲ್ಲಿ ಓಡಾಟ ನಿಲ್ಲಿಸಿ ಕಾರುಗಳನ್ನು ಒಂದೊಂದಾಗಿ ಬಿಡುತ್ತಾರೆ. ಯಾರು ಬೇಗ ತುದಿ ಮುಟ್ಟುತ್ತಾರೋ ಅವರದು ಗೆಲುವು. ರಸ್ತೆಯ ಒಂದು ಬದಿಗೆ ಬಂಡೆ. ಇನ್ನೊಂದು ಬದಿಗೆ ಏನೂ ಇಲ್ಲ.

ಕಾರಿನಲ್ಲಿ ಓಟಗಾರನ ಪಕ್ಕ ಅವನ ಹೆಂಡತಿ ಕೂರುತ್ತಿದ್ದಳು. ತಿರುವು ಕೂಗುವುದು ಅವಳ ಕೆಲಸ. ಕಣ್ಣಿಗೆ ಕಾಣುವ ತಿರುವನ್ನಲ್ಲ, ಇನ್ನೂ ಕಾಣದಿರುವುದನ್ನು. ಅವಳು "ಎಡಕ್ಕೆ, ಕಡಿದು" ಎಂದರೆ ಅವನ ಕೈ ಎಡಕ್ಕೆ ಸಿದ್ಧ. ಅಷ್ಟು ವೇಗದಲ್ಲಿ ಕಣ್ಣನ್ನು ನಂಬಿಕೊಂಡವನು ಉಳಿಯುವುದಿಲ್ಲ. ಅವಳ ಬಾಯೇ ಅವನ ಕಣ್ಣು. ಓಟಕ್ಕೆ ಮೊದಲು ಅವಳಿಗೆ ಇನ್ನೊಂದು ಕೆಲಸವಿತ್ತು. ಹೊಸ ಚಕ್ರ ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ ತಂದು ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಲೋಹಕ್ಕೆ ಲೋಹ ಒಗ್ಗಿ ಕೂರಲು ಅಷ್ಟು ಓಟ ಬೇಕು. ಮೊದಲ ಸಲ ಅವನು ಬಿಗಿಯುವುದು, ಎರಡನೆಯ ಸಲ ಅವಳು. ಒಂದೇ ಕೈ ಎರಡು ಸಲ ಬಿಗಿದರೆ ಅದು ಒಂದೇ ಸಲ ಎಂದು ಆ ಕಸುಬಿನವರು ಹೇಳುತ್ತಾರೆ.

ಕಾರಿನ ಜೊತೆ ಬಂದಿದ್ದ ಚಕ್ರಗಳು ಭಾರವಾಗಿದ್ದವು. ಗುಡ್ಡ ಹತ್ತಲು ಹಗುರವಾದವು ಬೇಕು. ಎಂಥ ಕಾರೇ ಆಗಲಿ, ನೆಲವನ್ನು ಮುಟ್ಟುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ. ಆ ನಾಲ್ಕು ಅಂಗೈಗಳನ್ನು ಆರಿಸುವುದು ಎಂದರೆ ತನ್ನ ಮತ್ತು ತನ್ನವಳ ಪ್ರಾಣ ಯಾರ ಕೈಯಲ್ಲಿರಬೇಕು ಎಂದು ಆರಿಸಿದಂತೆ. ಇದು ಓಟಗಾರನಿಗೆ ಗೊತ್ತಿತ್ತು. ಹೆಂಡತಿಯನ್ನು ಕರೆದುಕೊಂಡು ಪಟ್ಟಣದ ಟೈರು ವರ್ತಕನ ಬಳಿ ಹೋದ.

ವರ್ತಕ ಕನ್ನಡಿಯಂತೆ ಹೊಳೆಯುವ ಒಂದು ದೊಡ್ಡ ಚಕ್ರ ಉರುಳಿಸಿಕೊಂಡು ಬಂದ. ಅದರ ಸುತ್ತ ಟೈರು ಬಳೆಯಷ್ಟು ತೆಳ್ಳಗೆ ಕೂತಿತ್ತು. "ಇದು ಹಾಕ್ಸಿ ಸಾರ್. ಗಾಡಿ ನಿಂತಿದ್ರೂ ಓಡ್ದಂಗೆ ಕಾಣುತ್ತೆ."

"ನಂಗೆ ಓಡುವಾಗ ಓಡಿದ್ರೆ ಸಾಕಪ್ಪ. ಇದನ್ನ ಮದುವೆ ದಿಬ್ಬಣಕ್ಕೆ ಇಟ್ಕೋ."

ಹಾಗೆಂದು ಅವನು ತಾನೇ ಒಳಗೆ ಹೋಗಿ ಹುಡುಕಿದ. ಒಂದೊಂದು ಚಕ್ರವನ್ನೂ ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿದ. ಬ್ರೇಕಿನ ಆಕಾರಕ್ಕೆ ರಟ್ಟು ಕತ್ತರಿಸಿ ತಂದಿದ್ದ. ಅದನ್ನು ಚಕ್ರದೊಳಗಿಟ್ಟು, ನಡುವೆ ಬೆರಳು ಆಡದಿದ್ದರೆ ಆ ಚಕ್ರವನ್ನು ಬದಿಗಿಟ್ಟ. ಚಕ್ರ ಹೊರಗೆ ಚಾಚಿದರೆ ಮಡ್ಗಾರ್ಡಿಗೆ ಉಜ್ಜುತ್ತದೆ, ಒಳಗೆ ಸರಿದರೆ ಚಕ್ರ ತಿರುಗಿಸುವ ಸರಳಿಗೆ ತಾಗುತ್ತದೆ ಎಂದು ಅದನ್ನೂ ಅಳೆದ. ಅಚ್ಚಿನ ತುದಿಯಲ್ಲಿ ಚಕ್ರ ಕೂರುವ ಬಿಲ್ಲೆಗೆ ಹಬ್ ಎನ್ನುತ್ತಾರೆ. ಚಕ್ರದ ನಡುವಿನ ತೂತು ಆ ಹಬ್ಬಿನ ಮೇಲೆ ಬೆರಳಿಗೆ ಉಂಗುರ ಕೂತ ಹಾಗೆ ಕೂರಬೇಕು. ಅದಾದ ಮೇಲೆ ಟೈರು. ಮೆತ್ತನೆಯ ರಬ್ಬರು ನೆಲ ಕಚ್ಚುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಾಳುತ್ತದೆ, ತಿರುವಿನಲ್ಲಿ ಜಾರುತ್ತದೆ. ಅವನು ಉಗುರಿನಿಂದ ಒತ್ತಿ ನೋಡಿದ, ಟೈರಿನ ಮೈಮೇಲೆ ಅಚ್ಚಾಗಿದ್ದ ತಯಾರಿಕೆಯ ವಾರವನ್ನು ಓದಿದ, ಗುಡ್ಡದ ರಸ್ತೆಯ ಅಂಚು ಒಡೆದಿದೆ ಎಂದು ನೆನೆದು ಪಕ್ಕದ ಗೋಡೆ ದಪ್ಪವಿದ್ದುದನ್ನೇ ಹಿಡಿದ.

ವರ್ತಕ ಬೆವರು ಒರೆಸಿಕೊಂಡ. "ಹೆಣ್ಣು ನೋಡೋಕೆ ಹೋದೋರೂ ಇಷ್ಟು ನೋಡಲ್ಲ ಸಾರ್."

ಹೆಂಡತಿ ಸುಮ್ಮನಿದ್ದಾಳೆಯೇ? "ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ಮುಗಿಯೋ ಮುಂಚೆನೇ ಒಪ್ಕೊಂಡ್ರು. ಉಪ್ಪಿಟ್ಟು ಚೆನ್ನಾಗಿತ್ತು, ಅಷ್ಟೆ."

"ಇಲ್ಲಿಯವರೆಗೆ ಅವನ ನಡೆಯಲ್ಲಿ ತಪ್ಪಿಲ್ಲ," ಎಂದರು ಗುರುಗಳು ಕತೆಯ ನಡುವೆ. "ಅಳೆದ, ತೂಗಿದ, ಅನುಮಾನಪಟ್ಟ. ಪ್ರೀತಿಯಿದ್ದವನು ಮಾಡುವುದೇ ಅದು. ಮುಂದೆ ಕೇಳು."

ಚಕ್ರಗಳು ಮನೆಗೆ ಬಂದವು. ಅಂಗಡಿಯಲ್ಲಿ ಅವು ಸರಕು. ಮನೆಯಲ್ಲಿ ಅವನ ಕಣ್ಣಿಗೆ ಬೇರೆಯೇ ಏನೋ ಆದವು. ಮುಟ್ಟುವ ಮೊದಲು ಕೈ ತೊಳೆಯತೊಡಗಿದ. ಅವನ ತಾಯಿ ಬಾಗಿಲಲ್ಲಿ ನಿಂತು, "ಆಷಾಢದಲ್ಲಿ ಹೊಸ ಚಕ್ರ ಹಾಕ್ತಾರೇನೋ?" ಎಂದರು. "ಓಟ ಶ್ರಾವಣದ ತನಕ ಕಾಯಲ್ಲಮ್ಮ," ಎಂದ. "ಹಾಗಾದ್ರೆ ಪೂಜೆನಾದ್ರೂ ಗಟ್ಟಿಯಾಗಿ ಮಾಡು," ಎಂದರು ತಾಯಿ.

ಗಟ್ಟಿಯಾಗಿಯೇ ಮಾಡಿದ. ಲೋಕದಲ್ಲಿ ಎಲ್ಲರೂ ಚಕ್ರ ಹಾಕಿದ ಮೇಲೆ ಅದರ ಮುಖಕ್ಕೆ ಅರಿಸಿನ ಕುಂಕುಮ ಇಟ್ಟು, ಟೈರಿನ ಕೆಳಗೆ ನಿಂಬೆಹಣ್ಣಿಟ್ಟು ಹಾಯಿಸುತ್ತಾರೆ. ಇವನಿಗೆ ಅಷ್ಟು ಸಾಲದಾಯಿತು. ಚಕ್ರ ಹಾಕುವ ಮೊದಲೇ ನಾಲ್ಕನ್ನೂ ಬಾಳೆಲೆಯ ಮೇಲೆ ಮಲಗಿಸಿದ. ಅರಿಸಿನವನ್ನೂ ಗಂಧದ ಪುಡಿಯನ್ನೂ ದಪ್ಪಗೆ ಕಲಸಿ ಮುಂದಕ್ಕೂ ಬಳಿದ, ಹಿಂದಕ್ಕೂ ಬಳಿದ, ನಟ್ಟು ಕೂರುವ ಗುಳಿಗಳಿಗೂ ತುಂಬಿದ. ದೇವರಿಗೆ ಮುಂದು ಯಾವುದು, ಹಿಂದು ಯಾವುದು? ಗಂಧ ಹಸಿಯಿದ್ದಾಗಲೇ ಚಕ್ರಗಳನ್ನು ಹಬ್ಬಿಗೆ ಹಾಕಿ ಅಳತೆಯ ಸ್ಪ್ಯಾನರಿನಿಂದ ಬಿಗಿದ. ಸಾಕಾದಾಗ ಟಕ್ ಎನ್ನುವ ಸ್ಪ್ಯಾನರು ಅದು. ಒಂದೊಂದು ನಟ್ಟಿಗೂ ಟಕ್ ಎಂದಿತು.

ಓಟದ ದಿನ ಬೆಳಿಗ್ಗೆ ಕಾರನ್ನು ಊರಾಚೆಗೊಮ್ಮೆ ಓಡಿಸಿ ತಂದ. ತಂದವನೇ ಚಕ್ರಗಳಿಗೆ ಸೇವಂತಿಗೆ ಸುತ್ತಿ ನಟ್ಟುಗಳ ಮೇಲೆ ಕುಂಕುಮ ಇಟ್ಟ. ಹೆಂಡತಿ ಸ್ಪ್ಯಾನರು ಹಿಡಿದು ಬಂದಳು. ಅವನು ಅಡ್ಡ ನಿಂತ.

"ಪೂಜೆ ಆಗಿದೆ. ಅದಕ್ಕೆ ಕಬ್ಬಿಣ ತಾಗಿಸ್ಬೇಡ."

"ಅದೇ ಕಬ್ಬಿಣ ಅಲ್ವೇನ್ರೀ?"

"ನಾನು ಆರಿಸಿದ್ದು, ನಾನೇ ಬಿಗಿದದ್ದು. ಇದ್ರ ಮೇಲೂ ನಿಂಗೆ ಅನುಮಾನವಾ ಪದ್ದು?"

"ಮದುಮಗನ್ನ ಕೂರ್ಸಿದ ಹಾಗೆ ಕೂರ್ಸಿದ್ದೀರಿ. ಮದುಮಗನ ಪಂಚೆ ಬಿಗಿ ಇದೆಯಾ ಅಂತಾನೂ ಯಾರಾದ್ರೂ ಒಂದ್ಸಲ ಎಳೆದು ನೋಡ್ತಾರೆ."

ಅವನು ನಗಲಿಲ್ಲ. ಅವಳ ಕೈಯಿಂದ ಸ್ಪ್ಯಾನರು ತೆಗೆದುಕೊಂಡು ಡಿಕ್ಕಿಯಲ್ಲಿಟ್ಟ. ಬಾವುಟ ಬೀಳುವ ಹೊತ್ತಾಗಿತ್ತು. ಹೂ ಕಳಚಿ ಇಬ್ಬರೂ ಕೂತರು.

ಮೊದಲ ತಿರುವುಗಳಲ್ಲಿ ಕಾರು ನೆಲಕ್ಕೆ ಅಂಟಿಕೊಂಡು ಹೋಯಿತು. ಹಿಂದೆಂದೂ ಹೀಗೆ ಹತ್ತಿರಲಿಲ್ಲ. ಅವನ ಎದೆ ಉಬ್ಬಿತು. ಅವಳು ಕೂಗುತ್ತಿದ್ದಳು, ಅವನು ತಿರುಗಿಸುತ್ತಿದ್ದ. ಬ್ರೇಕು ಕಾವೇರುತ್ತಿತ್ತು, ಹಬ್ಬು ಕಾವೇರುತ್ತಿತ್ತು. ಅರ್ಧ ಗುಡ್ಡ ಹತ್ತಿರಬೇಕು. ಎಡಗಡೆ ಮುಂದಿನಿಂದ ಒಂದು ಸಣ್ಣ ಸದ್ದು ಬಂತು. ಟಿಕ್. ಟಿಕ್.

ಟೈರಿನ ಸಂದಿಗೆ ಕಲ್ಲು ಸಿಕ್ಕಿದೆ ಎಂದುಕೊಂಡ.

ಸ್ಟೇರಿಂಗು ಕೈಯಲ್ಲಿ ನಡುಗಿತು. ಹೊಸ ಟೈರು, ಬಿಸಿಯೇರುತ್ತಿದೆ ಎಂದುಕೊಂಡ. ಹಳೆಯ ಚಕ್ರವಾಗಿದ್ದರೆ ಅಷ್ಟಕ್ಕೇ ನಿಲ್ಲಿಸುತ್ತಿದ್ದ. ಇವು ತಾನು ತೂಗಿ ಆರಿಸಿದವು, ಗಂಧ ಹಚ್ಚಿದವು. ಇವು ಕೈಕೊಡುವುದುಂಟೇ?

"ರೀ, ಸದ್ದು."

"ಕಲ್ಲು. ನೀನು ಕೂಗು."

"ಕಲ್ಲಲ್ಲ ಅದು."

"ಕೂಗು ಅಂದ್ನಲ್ಲ!"

ಅವಳು ಇನ್ನೊಂದು ತಿರುವು ಕೂಗಿದಳು. ಈಗ ಸದ್ದು ಕಿವಿಗಲ್ಲ, ಅಂಗಾಲಿಗೆ ಬಡಿಯುತ್ತಿತ್ತು. ಮುಂದಿನದು ಎಡಬದಿಗೆ ಏನೂ ಇಲ್ಲದ ತಿರುವು. ಅದು ಅವಳಿಗೆ ಗೊತ್ತು. ಬ್ರೇಕು ಅವಳ ಕಾಲಿಗೆ ಎಟುಕುವುದಿಲ್ಲ. ಸ್ಟೇರಿಂಗು ಹಿಡಿದರೆ ಇಬ್ಬರೂ ಹೋದಂತೆ. ಅವಳ ಕೈಯಲ್ಲಿ ಇದ್ದದ್ದು ಒಂದೇ.

ಅವಳು ಬಾಯಿ ಮುಚ್ಚಿದಳು.

"ತಿರುವು! ಎಡವೋ ಬಲವೋ?"

ಕಾರು ತಿರುವಿನತ್ತ ನುಗ್ಗುತ್ತಿತ್ತು.

"ಪದ್ದು! ಎಡವೋ ಬಲವೋ ಹೇಳೇ!"

ಅವಳು ನೇರ ಮುಂದೆ ನೋಡುತ್ತ ಕೂತಿದ್ದಳು. ಅವನಿಗೆ ಕಣ್ಣು ಕಟ್ಟಿದಂತಾಯಿತು. ಎಷ್ಟೋ ವರ್ಷ ಹತ್ತಿದ ಗುಡ್ಡವೇ. ಆದರೂ ಆ ವೇಗದಲ್ಲಿ ಅವಳ ದನಿಯಿಲ್ಲದೆ ಅವನಿಗೆ ರಸ್ತೆಯೇ ಇರಲಿಲ್ಲ. ಸಿಟ್ಟು ನೆತ್ತಿಗೇರಿತು. ಬೇರೆ ದಾರಿ ಕಾಣದೆ ಆ ಸಿಟ್ಟಿನಲ್ಲೇ ಬ್ರೇಕು ಒತ್ತಿದ. ಕಾರು ವೇಗ ಕಳೆದುಕೊಳ್ಳುತ್ತ, ಎತ್ತಿನ ಗಾಡಿಯಷ್ಟು ನಿಧಾನವಾಗಿ ತಿರುವಿಗೆ ಬಂತು. ಬೈಯಲು ಬಾಯಿ ತೆರೆದ.

ಅಷ್ಟರಲ್ಲಿ ಕಾರಿನ ಎಡ ಮೂತಿ ಕುಸಿಯಿತು. ಚಕ್ರವೊಂದು ತನ್ನ ಪಾಡಿಗೆ ತಾನು ಮುಂದೆ ಉರುಳಿಕೊಂಡು ಹೋಗಿ, ಅಂಚಿನ ಸುಣ್ಣ ಬಳಿದ ಕಲ್ಲಿಗೆ ಬಡಿದು, ಮೇಲೆ ಚಿಮ್ಮಿ, ಮಾಯವಾಯಿತು. ಕೆಳಗೆ ಬಿದ್ದ ಸದ್ದು ಬರಲು ತುಸು ಹೊತ್ತು ಹಿಡಿಯಿತು. ಕಾರು ರಸ್ತೆಯನ್ನು ಕೆರೆಯುತ್ತ ಹೋಗಿ ಆ ಕಲ್ಲಿನ ಈಚೆಗೆ ನಿಂತಿತು.

ಇಬ್ಬರೂ ಇಳಿದರು. ಅವಳು ಉಳಿದ ಚಕ್ರಗಳ ನಟ್ಟು ಮುಟ್ಟಿ ನೋಡಿದಳು. ಎರಡು ಬೆರಳಿಗೆ ತಿರುಗಿದವು. ಅವನು ಬರಿದಾದ ಹಬ್ಬಿನ ಮುಂದೆ ಕೂತ. ಅದರ ಮೇಲೆ ಹಳದಿ ಪುಡಿ. ಬೆರಳಲ್ಲಿ ಒರೆಸಿಕೊಂಡು ಮೂಸಿದ. ಇನ್ನೂ ಘಮ ಇತ್ತು.

ಆ ಬೆರಳನ್ನೇ ನೋಡುತ್ತ ಕೇಳಿದ, "ಯಾಕೆ ಕೂಗ್ಲಿಲ್ಲ?"

"ನಿಮಗೆ ಚಕ್ರದ ಮೇಲಿರೋ ಭಕ್ತಿ ನಂಗೆ ನಿಮ್ಮ ಮೇಲಿಲ್ಲ," ಎಂದಳು ಹೆಂಡತಿ. "ಇದ್ದಿದ್ರೆ ಕೂಗ್ತಿದ್ದೆ."

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಪೂಜೆ ಮಾಡಿದ್ದೇ ತಪ್ಪೇ ಗುರುಗಳೇ?"

"ಯಾರು ಹೇಳಿದರು? ಮುಖಕ್ಕೆ ಎಷ್ಟು ಬೇಕಾದರೂ ಹಚ್ಚು, ಹೂ ಮುಡಿಸು, ಆರತಿ ಎತ್ತು. ಆದರೆ ಎರಡು ಒಂದನ್ನೊಂದು ಹಿಡಿದು ನಿಲ್ಲಬೇಕಾದ ಕಡೆ ನಡುವೆ ಏನೂ ಇರಬಾರದು. ಗಂಧವೂ ಇರಬಾರದು. ಸ್ಪ್ಯಾನರು ಟಕ್ ಎಂದದ್ದು ಸುಳ್ಳಲ್ಲ ಮಗೂ. ಅವನು ಬಿಗಿದದ್ದು ಗಂಧವನ್ನು. ಗಂಧ ಕಾವಿಗೆ ಒಣಗಿ ಪುಡಿಯಾಯಿತು, ಬಿಗಿ ಹೋಯಿತು. ಮತ್ತೆ ಬಿಗಿದು ನೋಡುವವಳಿದ್ದಳು, ಅವಳನ್ನು ಭಕ್ತಿ ತಡೆಯಿತು."

ಶಿಷ್ಯ ತಲೆಯಾಡಿಸಿ ನಕ್ಕ. "ಎಂಥ ಮೂಢ! ಅಷ್ಟು ತಿಳಿದವನಿಗೆ ಇಷ್ಟು ತಿಳಿಯಲಿಲ್ಲವಲ್ಲ. ಇದೆಲ್ಲ ನಡೆದದ್ದು ಯಾವಾಗ ಗುರುಗಳೇ?"

"ನಾನು ಕೇಳಿದ ಪ್ರಶ್ನೆಗೆ ಉತ್ತರ ಹೇಳದೆ, 'ತಾವೇ ಎಲ್ಲ ಬಲ್ಲಿರಿ' ಎಂದು ನೀನು ನನ್ನ ಪಾದಕ್ಕೆ ಗಂಧ ಹಚ್ಚಿ ಕೈಮುಗಿದೆಯಲ್ಲ, ಅದೇ ದಿನ: ಮೊನ್ನೆ ಭಾನುವಾರ, ವ್ಯಾಸಪೂರ್ಣಿಮೆ."