ಗೋಡೆಗೆ ಏರಿದ ಚೀಲಗಳು

“ಗುರುಗಳೇ, ಹಳೆಯ ವಸ್ತುವನ್ನು ಹುಡುಕಿ ತಂದು ಗೋಡೆಗೆ ತೂಗುಹಾಕುವುದರಲ್ಲಿ ತಪ್ಪೇನಿದೆ?” ಎಂದು ಶಿಷ್ಯ ಕೇಳಿದ. ಹಳೆಯ ನೇಯ್ಗೆಯ ಚೀಲವೊಂದರ ಹೊಲಿಗೆ ಬಿಚ್ಚಿ, ಅದನ್ನು ಹಾಸಿನಂತೆ ಅಗಲಿಸಿ, ಮಠದ ಪಡಸಾಲೆಯಲ್ಲಿ ಅವನು ಆಗಷ್ಟೇ ತೂಗುಹಾಕಿದ್ದ.

ಗುರುಗಳಿಗೆ ಬೇಸರವಾಯಿತು. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಎಷ್ಟು ಸಲ ಕೇಳುತ್ತೀಯಪ್ಪಾ ಎಂದು ಗೊಣಗಿ, ಕತೆ ಹೇಳಿದರು.

ಕಾಳು ತುಂಬುವ ಚೀಲದ ಹೊಲಿಗೆಯನ್ನು ಬಿಚ್ಚಬಾರದು. ಒಂದು ತಾಂಡಾದಲ್ಲಿ ಈ ನಿಯಮವಿತ್ತು. ಇದು ಅರ್ಥವಾಗಲು ಪಾಂಡಿತ್ಯ ಬೇಕಿಲ್ಲ. ಆದರೂ ಹೆಚ್ಚುಕಡಿಮೆ ಎಲ್ಲರೂ ಮುರಿದರು.

ಅಲ್ಲಿ ಮಗಳ ಮದುವೆಗೆ ತಾಯಿ ಒಂದು ಚೀಲ ನೇಯ್ದು ಕೊಡುತ್ತಿದ್ದಳು. ಎತ್ತಿನ ಮೇಲೆ ಹೇರಿದಾಗ ಹೊರಗೆ ಕಾಣುವ ಮಗ್ಗುಲಿಗೆ ಬಣ್ಣ, ಚಿತ್ತಾರ. ಎತ್ತಿನ ಮೈಗೆ ತಾಗುವ ಮಗ್ಗುಲು ಬೋಳು. ಒಳಗೆ ಬಿತ್ತನೆಯ ಜೋಳ.

ಒಬ್ಬ ವ್ಯಾಪಾರಿ ಬಂದ. ಇವು ಚೀಲಗಳಲ್ಲ, ಅರಮನೆಯ ಗೋಡೆಗೆ ಸಲ್ಲುವ ಚಿತ್ರಗಳು ಎಂದ. ಅಷ್ಟೇ ಸಾಕಾಯಿತು. ಅಲ್ಲಿಯವರೆಗೆ ಚೀಲದ ಮೇಲೆಯೇ ಕೂತು ಎಲೆ ಅಡಿಕೆ ಹಾಕುತ್ತಿದ್ದವರು ಅದನ್ನು ಮುಟ್ಟುವ ಮುಂಚೆ ಕೈ ತೊಳೆಯತೊಡಗಿದರು. ಯಾರ ಚೀಲ ಚೆಂದ ಎಂದು ಜಗಳವಾಡಿದರು. ಕಾಳನ್ನು ಗುಡಿಸಲಿನ ನೆಲಕ್ಕೆ ಸುರಿದು, ಹೊಲಿಗೆ ಬಿಚ್ಚಿ ಕೊಟ್ಟರು. ವ್ಯಾಪಾರಿ ಬೋಳು ಮಗ್ಗುಲನ್ನು ಅಲ್ಲೇ ಎಸೆದು ಚಿತ್ತಾರವನ್ನಷ್ಟೇ ಒಯ್ದ. ಮೊದಲ ಮಳೆಗೆ ನೆಲ ಒಸರಿ ಕಾಳೆಲ್ಲ ಮೊಳೆತು ಕೊಳೆಯಿತು. ಹೋಗಲಿ, ಆಗಲಾದರೂ ಬುದ್ಧಿ ಬಂತೇ? ಇಲ್ಲ. ತಮ್ಮ ಚೀಲಗಳು ಈಗ ಯಾವ ಅರಮನೆಯಲ್ಲಿರಬಹುದು ಎಂದು ಮಾತಾಡಿಕೊಂಡು ಕೂತರು.

ಬಿತ್ತಲು ಬರುವ ಜೋಳ ಇನ್ನು ಉಳಿದದ್ದು ತಾಂಡಾದ ನಾಯಕನ ಸೊಸೆ ಜಮಲಿಯ ಚೀಲದಲ್ಲಿ ಮಾತ್ರ. ಆ ಚೀಲವೇ ಎಲ್ಲಕ್ಕಿಂತ ಚೆಂದದ್ದು. ವ್ಯಾಪಾರಿ ಅದಕ್ಕಾಗಿ ಮತ್ತೆ ಬಂದ. ಕೊಡುತ್ತೇನೆಂದು ನಾಯಕ ಆಗಲೇ ಮಾತು ಕೊಟ್ಟಿದ್ದ.

“ಇಂಥದ್ದರಲ್ಲಿ ಯಾರಾದರೂ ಜೋಳ ತುಂಬುತ್ತಾರೇನಮ್ಮಾ? ರೇಷ್ಮೆ ಸೀರೆಯಲ್ಲಿ ಸಗಣಿ ಹೊತ್ತ ಹಾಗಾಯಿತು,” ಎಂದು ವ್ಯಾಪಾರಿ ನಕ್ಕ.

“ಮತ್ತೆ ನೀವು ಇದರಲ್ಲಿ ಏನು ತುಂಬುತ್ತೀರಿ, ಸಾವ್ಕಾರ್ರೇ?” ಎಂದಳು ಜಮಲಿ.

ಏನೂ ತುಂಬುವುದಿಲ್ಲ, ಬಂದವರೆಲ್ಲ ನೋಡುತ್ತಾರೆ ಎಂದ ವ್ಯಾಪಾರಿ. ನಾಯಕನಿಗೆ ಸಿಟ್ಟು ಬಂತು. ಮಾವ ಕೊಟ್ಟ ಮಾತಿಗೆ ಮನೆಯಲ್ಲಿ ಬೆಲೆ ಇಲ್ಲವೇ ಎಂದು, ಕತ್ತರಿಯನ್ನು ಸೊಸೆಯ ಕೈಗೆ ತುರುಕಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಜೋಳದ ಚಿಂತೆಯಲ್ಲಿರುವವಳಿಗೆ ಆ ನೇಯ್ಗೆಯ ಚೆಲುವು ಎಲ್ಲಿ ತಿಳಿಯಬೇಕು, ಪಾಪ,” ಎಂದ ಶಿಷ್ಯ.

“ಅವಳು ಆ ಕತ್ತರಿಯನ್ನು ಜೋಳದೊಳಗೆ ಹೂತು, ತಾಯಿಯ ಚಿತ್ತಾರಕ್ಕೆ ಒಪ್ಪುವ ಬಣ್ಣದ ದಾರವನ್ನೇ ಆರಿಸಿ, ಚೀಲದ ಬಾಯಿ ಹೊಲಿದುಬಿಟ್ಟಳು,” ಎಂದರು ಗುರುಗಳು.