ಬ್ಯಾರಿಸ್ಟ ಬಂದ

"ಸೋಮವಾರ ಕಲೆಕ್ಟರು ನಮ್ಮ ಆಸ್ಥಾನಕ್ಕೆ ಕಾಲಿಟ್ಟರೆ, ಲಂಡನ್ನಿಗೇ ಬಂದೆನೇನೋ ಅಂತ ಬೆರಗಾಗಬೇಕು," ಎಂದು ಕಡಗೋಡಿನ ದೊರೆ ಭೂಪಾಲ ನಾಯಕರು ಮೀಸೆ ತಿರುವಿದರು.

"ಕಲೆಕ್ಟರು ಅಲ್ಲ ಪ್ರಭು, ಕಲೆಕ್ಟ," ಎಂದರು ಬ್ಯಾರಿಸ್ಟರ್ ಜಗನ್ನಾಥಯ್ಯ. ದೊರೆಗೆ ಇಂಗ್ಲಿಷ್ ಕಲಿಸಲು ವಿಲಾಯಿತಿಯಿಂದ ಬಂದವರು. "ಡಾಕ್ಟರ್, ಪೇಪರ್, ಶುಗರ್. ಬರೆಯುವಾಗ ಕೊನೆಗೆ ಯಾವ ಸ್ವರವೇ ಇರಲಿ, 'ರ್' ಬಿಟ್ಟು ಬಾಯಲ್ಲಿ ಒಂದು ಪುಟ್ಟ 'ಅ' ಸಾಕು. ಬಾಲಕ್ಕೆ ಬಲವಿಲ್ಲ, ನುಂಗಿಬಿಡಬೇಕು."

ದೊರೆ ನುಂಗತೊಡಗಿದರು. ಬೆಳಗ್ಗೆ "ಬಟ ತಾ" ಎಂದರೆ ಅಡುಗೆಯವನು ಭಟನನ್ನು ಕರೆತಂದ. ಬೆಣ್ಣೆ ಕೇಳಿದವರ ಮುಂದೆ ಕತ್ತಿ ಹಿಡಿದ ಆಳು ಬಂದು ನಿಂತ.

ಆದರೂ ದೊರೆಯ ಹುಮ್ಮಸ್ಸು ಇಳಿಯಲಿಲ್ಲ. ಬಾಗಿಲಲ್ಲಿ ನಿಂತು ಬಂದವರ ಹೆಸರು ಕೂಗುವ ಕೊಟ್ರಪ್ಪನನ್ನು ಕರೆಸಿದರು. "ನಾಳೆ ತಾಲೀಮು. ಒಂದು ಬಾಲ ಹೊರಬಿದ್ದರೂ ನಿನ್ನ ಕೆಲಸ ಹೋಯಿತು."

ಮೂವತ್ತು ವರ್ಷ ಕೂಗಿದ ಗಂಟಲು ಕೊಟ್ರಪ್ಪನದು. ಅವನು ನೇರವಾಗಿ ಆಸ್ಥಾನದ ಜಾಣ ಹಂಪಯ್ಯನ ಮನೆಗೆ ಓಡಿದ.

"ಅಯ್ಯಾ, ಅಷ್ಟು ದೊಡ್ಡ ಮನುಷ್ಯರಿಗೆ 'ರು' ಹಚ್ಚದೆ ಹೆಂಗೆ ಕೂಗಲಿ? ನಾಲಿಗೆ ಏಳೋದಿಲ್ಲ."

ಹಂಪಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಏಳದಿದ್ದರೆ ನಾನು ಏಳಿಸ್ತೀನಿ, ಬಾ. ಆದರೆ ಮೊದಲು ಬ್ಯಾರಿಸ್ಟರನ್ನು ಒಂದು ಮಾತು ಕೇಳಬೇಕು."

ಜಗನ್ನಾಥಯ್ಯ ಅರಮನೆಯ ಜಗಲಿಯಲ್ಲಿದ್ದರು.

"ಸ್ವಾಮಿ, ಬಾಲ ನುಂಗುವ ನಿಯಮ ಕೆಲವು ಮಾತಿಗೋ, ಎಲ್ಲ ಮಾತಿಗೋ?" ಎಂದು ಕೇಳಿದ ಹಂಪಯ್ಯ.

"ನಿಯಮ ಅಂದಮೇಲೆ ಎಲ್ಲಕ್ಕೂ ಒಂದೇ ಕಣಯ್ಯ."

"ಕೊಟ್ರಪ್ಪ ಅದರಂತೆ ಕೂಗಿದರೆ ತಪ್ಪು ಹಿಡಿಯೋದಿಲ್ಲ ತಾನೆ?"

"ತಪ್ಪೇ? ಬೆನ್ನು ತಟ್ಟುತ್ತೇನೆ."

ಮರುದಿನ ಆಸ್ಥಾನ ತುಂಬಿತ್ತು. ಜಗನ್ನಾಥಯ್ಯ ಕೋಟಿನ ಗುಂಡಿ ನೇವರಿಸುತ್ತ ಹೊಸ್ತಿಲು ದಾಟಿದರು. ಕೊಟ್ರಪ್ಪ ಎದೆ ತುಂಬ ಉಸಿರೆಳೆದು ಕೂಗಿದ:

"ಬ್ಯಾರಿಸ್ಟ ಬಂದ."

ಸಭೆ ತಿರುಗಿ ನೋಡಿತು. ಜಗನ್ನಾಥಯ್ಯ ಹೋಗಿ ಆಸನದ ಮೇಲೆ ಕೂತರು.

"ಬ್ಯಾರಿಸ್ಟ ಕೂತ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಜಗನ್ನಾಥಯ್ಯ ಕೆಂಪಾಗಿ ಎದ್ದುನಿಂತರು.

"ಬ್ಯಾರಿಸ್ಟ ಎದ್ದ."

"ಏನೋ ಇದು? ಬಂದರು, ಕೂತರು ಅನ್ನಬಾರದೇನೋ?"

"ಬಾಲ ನುಂಗಿದೆ ಬುದ್ಧಿ," ಎಂದ ಕೊಟ್ರಪ್ಪ ವಿನಯದಿಂದ. "ಮೊದಲ ಮಾತಿನ 'ರು' ಹೋದಮೇಲೆ ಎರಡನೆಯದರ 'ರು' ಒಂದೇ ಏನು ಮಾಡೀತು?"

ಆ ಹೊತ್ತಿಗೆ ಒಳಬಾಗಿಲಿನ ಪರದೆ ಸರಿಯಿತು. ಕೊಟ್ರಪ್ಪನಿಗೀಗ ರುಚಿ ಹತ್ತಿತ್ತು.

"ಕಡಗೋಡಿನ ನಾಯಕ ಬಂದ. ದಾರಿ ಬಿಡಿ, ನಾಯಕ ಬಂದ."

ದೊರೆ ಅಲ್ಲೇ ಕಂಬವಾದರು. "ಯಾರೋ ಬಂದ? ನಾನೇನು ನಿನ್ನ ಜೊತೆ ಎಮ್ಮೆ ಕಾಯ್ದವನೇನೋ?"

ಹಂಪಯ್ಯ ಮುಂದೆ ಬಂದು ಕೈಮುಗಿದ.

"ಅವನು ನಿಯಮ ಮೀರಿಲ್ಲ ಪ್ರಭು. ಇಂಗ್ಲಿಷಿನ ಬಾಲದಲ್ಲಿ ಬಲವಿಲ್ಲ, ನಿಜ. ನಮ್ಮ ಮಾತಿನಲ್ಲಿ ಮರ್ಯಾದೆಯೆಲ್ಲ ಬಾಲದಲ್ಲೇ ಇದೆ. ಸೋಮವಾರ ಇವನು 'ಕಲೆಕ್ಟ ಬಂದ' ಅಂತ ಕೂಗುತ್ತಾನೆ. ಸಾಹೇಬರಿಗೆ ತಿಳಿಯದಿರಬಹುದು. ಪಕ್ಕದಲ್ಲೇ ದುಭಾಷಿ ಇರುತ್ತಾನಲ್ಲ, ಅವನು ಬಿಡಿಸಿ ಹೇಳುತ್ತಾನೆ."

ದೊರೆ ಆ ಸೋಮವಾರವನ್ನು ಕಣ್ಣಮುಂದೆ ತಂದುಕೊಂಡರು. ಮೊದಲು ಬೆವರಿದರು, ಆಮೇಲೆ ಸಿಂಹಾಸನದ ಕೈ ಹಿಡಿದು ನಗತೊಡಗಿದರು. ಜಗನ್ನಾಥಯ್ಯನವರೂ ಸ್ವಲ್ಪ ತಡವಾಗಿ ನಕ್ಕರು.

"ಕೊಟ್ರಪ್ಪ, ಕೆಲಸ ನಿನ್ನದೇ. ಬಾಯ್ತುಂಬ ಕೂಗು. ಹಂಪಯ್ಯ, ನಿನಗೇನು ಬೇಕೋ ಕೇಳು. ಜಮೀನೋ, ಕುದುರೆಯೋ?"

"ಅಷ್ಟೆಲ್ಲ ಬೇಡ ಪ್ರಭು. ಇಪ್ಪತ್ತು ವರ್ಷದಿಂದ ಈ ಬಾಗಿಲಲ್ಲಿ 'ಹಂಪಯ್ಯ ಬಂದ' ಅಂತಲೇ ಕೇಳುತ್ತಿದ್ದೇನೆ. ಬ್ಯಾರಿಸ್ಟರು ನುಂಗಿ ಮಿಗಿಸಿದ 'ರು' ಒಂದೆರಡಿದ್ದರೆ ನನಗೆ ಕೊಡಿಸಿ."